ಮ್ಯಾಗ್ನೆಟ್ ಇಳಿಸುವ ಡಬ್ಬಿ

ಮಾರ್ಚ್ 4, ಮಂಗಳವಾರ

ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ. ಕೋಳಿ ಕೆದರಿದ ಹಾಗಿದೆ ಅಂದರೆ ಕೋಳಿಗೆ ಬೇಜಾರಾದೀತು. ಬಲಗೈ ಕೆಲಸಕ್ಕೆ ಬಾರದೆ ಕೂತಿರುವಾಗ ಎಡಗೈಯನ್ನಾದರೂ ಪಳಗಿಸಬೇಕಂತೆ. ಅದಕ್ಕೆ ಅಕ್ಕ ಈ ದಿನಚರಿ ತಂದುಕೊಟ್ಟಿದ್ದಾಳೆ. ಏನು ಬರೆಯಲಿ ಎಂದು ಕೇಳಿದೆ. "ನನ್ನ ಬಯ್ದು ಬರಿ. ನಿಂಗೆ ಸಲೀಸಾಗಿ ಬರತ್ತೆ" ಎಂದಳು. ಸರಿ, ಅಪ್ಪಣೆ ಕೊಟ್ಟವಳು ಅವಳೇ.

ಕೈ ಮುರಿದದ್ದು ಅವಳಿಂದ. ಅದನ್ನು ಮೊದಲೇ ಬರೆದಿಟ್ಟುಬಿಡುತ್ತೇನೆ. ಅವಳ ಮನೆ ಇಲ್ಲಿಂದ ಎರಡು ಬಸ್ಸು ದೂರ. ಗೋಡೆ ಗಡಿಯಾರ ಹಿಂದೆ ಬೀಳ್ತಿದೆ, ಬಂದು ನೋಡು ಎಂದು ಚಳಿಗಾಲದಲ್ಲಿ ಕರೆದಳು. ಸ್ಟೂಲು ಹತ್ತಿ ಗಡಿಯಾರಕ್ಕೆ ಕೈ ಹಾಕಿದ್ದೆನಷ್ಟೆ, ಅಡುಗೆಮನೆಯಿಂದ "ಕಾಫಿ ಆರೋಗತ್ತೆ, ಬೇಗ ಇಳಿಯೋ!" ಎಂದು ಕೂಗಿದಳು. ಇಳಿದೆ. ಬಹಳ ಬೇಗ ಇಳಿದೆ. ಅಂಗೈ ಊರಿ ಬಿದ್ದ ಏಟಿಗೆ ಹೆಬ್ಬೆರಳ ಬುಡದ ಒಂದು ಪುಟ್ಟ ಮೂಳೆ ಎರಡು ತುಂಡಾಯಿತು. ಕಾಫಿ ಮಾತ್ರ ಆರಿರಲಿಲ್ಲವಂತೆ.

ಅವತ್ತೇ ಚೀಲ ತುಂಬಿಕೊಂಡು ನನ್ನ ಜೊತೆ ಬಂದಳು. "ಎರಡು ವಾರ ಇದ್ದು ನೋಡ್ಕೊಂಡು ಹೋಗ್ತೀನಿ" ಎಂದಿದ್ದಳು. ಆ ಎರಡು ವಾರಕ್ಕೆ ಈಗ ಮಕ್ಕಳು ಮೊಮ್ಮಕ್ಕಳಾಗಿವೆ. ಭಾವ ತೀರಿಕೊಂಡ ಮೇಲೆ ಒಬ್ಬಳೇ ಇರುವುದೇ ನನಗೆ ಸುಖ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದವಳು. ನಾನಂತೂ ಹುಟ್ಟಾ ಒಂಟಿ. ಕಣ್ಣಿಗೆ ಗಡಿಯಾರ ರಿಪೇರಿಯ ಲೆನ್ಸ್ ಹಾಕಿಕೊಂಡು ಹೆಣ್ಣು ನೋಡಲು ಹೋದರೆ ಮದುವೆ ಎಲ್ಲಿಂದ ಆಗಬೇಕು ಅನ್ನುತ್ತಾಳೆ.

ಇವತ್ತು ಮೂಳೆ ಡಾಕ್ಟರಮ್ಮನ ಹತ್ತಿರ ಹೋಗಿದ್ದೆವು. ಪ್ಲಾಸ್ಟರ್ ಬಿಚ್ಚಿದರೂ ಮೂಳೆ ಕೂಡಿಲ್ಲ. ಎಕ್ಸ್‌ರೇಯಲ್ಲಿ ಗೋಡಂಬಿಯಂಥ ಮೂಳೆಯ ನಡುವೆ ಕಪ್ಪು ಗೆರೆ ಹಾಗೇ ಇದೆ. ಅಲ್ಲಿಗೆ ರಕ್ತ ಹೋಗುವುದೇ ಕಡಿಮೆಯಂತೆ. "ಮೇ ಕೊನೆವರೆಗೂ ಒಂದು ಮೆಷಿನ್ ಕಟ್ಕೊಂಡು ನೋಡಿ. ಕೂಡದೇ ಇದ್ರೆ ಆಪರೇಷನ್. ಸೊಂಟದಿಂದ ಚೂರು ಮೂಳೆ ತೆಗೆದು ಇಲ್ಲಿಟ್ಟು ಒಂದು ಸ್ಕ್ರೂ ಬಿಗೀತೀವಿ" ಎಂದರು. ಯಾವ ಅಳತೆಯ ಸ್ಕ್ರೂ ಎಂದು ಕೇಳಿದೆ. ಅಕ್ಕ ನನ್ನನ್ನು ದುರುಗುಟ್ಟಿ ನೋಡಿದಳು. ಡಾಕ್ಟರಮ್ಮ ಮಾತ್ರ ತೋರಿಸಿದರು. ನಮ್ಮ ಲೆಕ್ಕದಲ್ಲಿ ಅದು ಬಾಗಿಲಿಗೆ ಹಾಕುವ ಸ್ಕ್ರೂ.

"ಆಮೇಲೆ ಮಣಿಕಟ್ಟು ಮೊದಲಿನ ಹಾಗೆ ಬಗ್ಗತ್ತಾ?"

"ಅದಕ್ಕೆ ನಾನು ಮಾತು ಕೊಡಕ್ಕಾಗಲ್ಲ."

ಗಡಿಯಾರ ರಿಪೇರಿ ಮಾಡುವವನು ನಾನು. ಮಣಿಕಟ್ಟು ಬಗ್ಗದಿದ್ದರೆ ಚಿಮುಟ ಹಿಡಿಯಲಾರೆ. ಚಿಮುಟ ಹಿಡಿಯದಿದ್ದರೆ ಗಾಜಿನ ಹಿಂದೆ ಕೂತು ಬೆಲ್ಟು ಮಾರಬೇಕು. ನನಗೆ ಬೇರೆ ಏನೂ ಬರುವುದಿಲ್ಲ, ಬರಲಿ ಎಂದು ಆಸೆಯೂ ಇಲ್ಲ. ಹೆದರಿಕೆಯಾಗಿದೆ.

ಇನ್ನು ಆ ಮೆಷಿನ್ನು. ಏನು ಬರುತ್ತದೆ ಅದರಲ್ಲಿ ಎಂದು ಕೇಳಿದೆ. "ಮ್ಯಾಗ್ನೆಟ್ ಅಲೆಗಳು. ಬಿಟ್ಟು ಬಿಟ್ಟು ಬರತ್ವೆ. ಮೂಳೆ ಬೆಳೆಸೋ ಕಣಗಳನ್ನ ಅದು ಎಬ್ಬಿಸತ್ತೆ ಅಂತಾರೆ. ಕೆಲವರಿಗೆ ಕೂಡಿದೆ, ಕೆಲವರಿಗೆ ಇಲ್ಲ" ಎಂದರು.

ಮ್ಯಾಗ್ನೆಟ್! ಗಡಿಯಾರದೊಳಗೆ ಕೂದಲೆಳೆಯಂಥ ಒಂದು ಸ್ಪ್ರಿಂಗ್ ಇರುತ್ತದೆ. ಅದಕ್ಕೆ ಮ್ಯಾಗ್ನೆಟ್ ಹಿಡಿದರೆ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು ಗಡಿಯಾರ ಹುಚ್ಚು ಹಿಡಿದವರ ಹಾಗೆ ಮುಂದೆ ಓಡುತ್ತದೆ. ಬದುಕಿಡೀ ಯಾವುದನ್ನು ಅಂಗಡಿಯ ಹೊಸಿಲು ದಾಟಲು ಬಿಡಲಿಲ್ಲವೋ ಅದನ್ನೇ ಈಗ ಕೈಗೆ ಕಟ್ಟಿಕೊಳ್ಳಬೇಕಂತೆ.

ಮಾರ್ಚ್ 7, ಶುಕ್ರವಾರ

ಮೆಷಿನ್ ಬಂತು. ಅರ್ಧ ಬಳೆಯಂಥ ಪ್ಲಾಸ್ಟಿಕ್ ಸುರುಳಿ, ಕಟ್ಟಿಕೊಳ್ಳಲು ಪಟ್ಟಿ, ವೈರಿನ ತುದಿಗೆ ಸಾಬೂನು ಡಬ್ಬಿಯಷ್ಟು ಪೆಟ್ಟಿಗೆ, ಅದರ ಮೇಲೊಂದು ಹಸಿರು ದೀಪ. ಕಟ್ಟಿಕೊಂಡು ಕೂತೆ. ಏನೂ ಆಗಲಿಲ್ಲ. ಬಿಸಿಯಿಲ್ಲ, ಜುಮ್ಮೆನ್ನಲಿಲ್ಲ, ಶಬ್ದವೂ ಇಲ್ಲ.

"ಏನನ್ನಿಸ್ತಿದೆ?" ಎಂದು ಅಕ್ಕ ಗಳಿಗೆಗೊಮ್ಮೆ ಕೇಳಿದಳು.

"ನೀನು ಪ್ರಶ್ನೆ ಕೇಳ್ತಿದೀಯ ಅನ್ನಿಸ್ತಿದೆ."

"ಮೋಸ ಇರಬೇಕು ಕಣೋ. ಒಳಗೆ ಬರೀ ದೀಪ ಇಟ್ಟಿರ್ತಾರೆ."

ಮ್ಯಾಗ್ನೆಟ್ ಹಿಡಿದ ಗಡಿಯಾರವನ್ನು ಪತ್ತೆ ಮಾಡಲು ನನ್ನಲ್ಲಿ ಒಂದು ದಿಕ್ಸೂಚಿ ಇದೆ. ಅದನ್ನು ತರಿಸಿ ಸುರುಳಿಯ ಪಕ್ಕ ಇಟ್ಟೆ. ಮುಳ್ಳು ಗಡಗಡ ನಡುಗಿತು. ಅಕ್ಕ ಎರಡು ಹೆಜ್ಜೆ ಹಿಂದೆ ಸರಿದಳು, ಆಮೇಲೆ ಮೂರು ಹೆಜ್ಜೆ ಮುಂದೆ ಬಂದು ಬಗ್ಗಿ ನೋಡಿದಳು. "ಪಾಪ, ಇದಕ್ಕೆ ಗೊತ್ತಾಗ್ತಿದೆ. ನಿಂಗೆ ಗೊತ್ತಾಗ್ತಿಲ್ಲ" ಎಂದಳು.

ನನ್ನ ಷರತ್ತು ಒಂದೇ: ಮೆಷಿನ್ ಮಹಡಿ ಇಳಿಯಕೂಡದು. ಮನೆ ಮೇಲೆ, ಅಂಗಡಿ ಕೆಳಗೆ. ಬೆಳಿಗ್ಗೆ ಎಡಗೈಯಲ್ಲಿ ಆಗುವಷ್ಟು ಸೆಲ್ಲು ಬೆಲ್ಟು ಬದಲಾಯಿಸುತ್ತೇನೆ, ಊಟವಾದ ಮೇಲೆ ಮೇಲೆ ಕೂತು ಕಟ್ಟಿಕೊಳ್ಳುತ್ತೇನೆ. ಮಧ್ಯಾಹ್ನ ಅಂಗಡಿ ಮುಚ್ಚಿರಲಿ ಅಂದೆ. ಅಕ್ಕ ಒಪ್ಪಲಿಲ್ಲ. "ನಾನು ಕೂತ್ಕೋತೀನಿ. ಒಂದೊಂದು ಸಲಕ್ಕೆ ಇಡೀ ಊರು ನನ್ನ ಕಿವಿಯೊಳಗಿರ್ತಿತ್ತು, ನಿನ್ನ ನಾಲ್ಕು ಗಿರಾಕಿ ಯಾವ ಲೆಕ್ಕ?" ಎಂದಳು. ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಕೂರು, ಆದರೆ ಬೆಂಚು ಮುಟ್ಟಬೇಡ ಎಂದೆ.

ಮಾರ್ಚ್ 12, ಬುಧವಾರ

ಅಂಗಡಿಯಲ್ಲಿ ಅಕ್ಕ: "ನಮಸ್ಕಾರ, ಹೇಳಿ. ಯಾರು ಬೇಕಿತ್ತು? ಸ್ವಲ್ಪ ತಡೀರಿ, ಕೊಡ್ತೀನಿ." ಆಮೇಲೆ ಮೆಟ್ಟಿಲ ಬುಡಕ್ಕೆ ಬಂದು ಬೀದಿಗೆಲ್ಲ ಕೇಳುವ ಹಾಗೆ: "ಮರೀ! ಅಲಾರಾಂ ಗಡಿಯಾರದವರು ಲೈನಲ್ಲಿದಾರೆ!"

ನನಗೆ ಐವತ್ತೆಂಟು ವರ್ಷ. ಪಕ್ಕದ ಬೇಕರಿಯವನು ಇವತ್ತು ಗಂಭೀರವಾಗಿ "ಮರಿಯವರೇ, ಕೈ ಹೇಗಿದೆ?" ಎಂದು ಕೇಳಿದ.

ಮಾರ್ಚ್ 13, ಗುರುವಾರ

ಅನಾಹುತ. ಬೆಳಿಗ್ಗೆ ಎಡಗೈಯಲ್ಲಿ ಚಿಮುಟ ಹಿಡಿದು ಸ್ಕ್ರೂ ಎತ್ತಿದೆ. ಬಿಟ್ಟರೆ ಬೀಳಲಿಲ್ಲ. ಕೊಡವಿದೆ. ಅಂಟಿಕೊಂಡೇ ಇತ್ತು. ಚಿಮುಟಕ್ಕೆ ಮ್ಯಾಗ್ನೆಟ್ ಹಿಡಿದಿದೆ! ಅಂಗಡಿಯಲ್ಲಿ ಮ್ಯಾಗ್ನೆಟ್ ಎಲ್ಲಿಂದ ಬರಬೇಕು? ಮೆಷಿನ್ ಮಹಡಿ ಇಳಿದಿಲ್ಲ. ಕೆಳಗೆ ಬಂದದ್ದು ನಾನೊಬ್ಬನೇ. ಆ ಚಿಮುಟವೂ ಎಲ್ಲೂ ಹೋಗಿಲ್ಲ, ನಿನ್ನೆಯಿಡೀ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಎಂದಮೇಲೆ ಒಂದೇ ಅರ್ಥ. ಮ್ಯಾಗ್ನೆಟ್ ಹಿಡಿದಿರುವುದು ನನ್ನ ಕೈಗೆ.

ಬೆಂಚಿನ ಮೇಲೆ ಮ್ಯಾಗ್ನೆಟ್ ಇಳಿಸುವ ಡಬ್ಬಿ ಇದೆ. ಗಡಿಯಾರವನ್ನು ಅದರ ಮೇಲಿಟ್ಟು, ಗುಂಡಿ ಒತ್ತಿ, ನಿಧಾನಕ್ಕೆ ಎತ್ತಿದರೆ ಹಿಡಿದದ್ದೆಲ್ಲ ಇಳಿದುಹೋಗುತ್ತದೆ. ಮೊದಲು ಚಿಮುಟ ಇಳಿಸಿದೆ. ಆಮೇಲೆ ಯಾರೂ ಇಲ್ಲವೆಂದು ನೋಡಿಕೊಂಡು ಬಲಗೈಯಿಟ್ಟೆ. ಗುಂಡಿ ಒತ್ತಿ, ನಿಧಾನಕ್ಕೆ ಎತ್ತಿದೆ. ಮನಸ್ಸಿಗೆ ಎಷ್ಟು ಹಗುರವಾಯಿತು! ಇನ್ನು ದಿನಾ ಸಂಜೆ ಅಂಗಡಿಗೆ ಇಳಿದ ಕೂಡಲೇ ಇದೇ ಮೊದಲ ಕೆಲಸ. ಅಕ್ಕನಿಗೆ ಹೇಳುವುದಿಲ್ಲ. ಹೇಳಿದರೆ ಊರಿಗೆಲ್ಲ ಕನೆಕ್ಷನ್ ಕೊಡುತ್ತಾಳೆ.

ಮಾರ್ಚ್ 26, ಬುಧವಾರ

ಬೇಜಾರು. ಏನೂ ಅನ್ನಿಸದ ಔಷಧಿಯಷ್ಟು ಬೇಜಾರಿನದು ಇನ್ನೊಂದಿಲ್ಲ. ಕಹಿಯಾದರೂ ಇದ್ದಿದ್ದರೆ ಮುಖ ಸಿಂಡರಿಸಬಹುದಿತ್ತು. ಇವತ್ತು ಕಟ್ಟಿಕೊಳ್ಳಲಿಲ್ಲ. ನಿನ್ನೆಯೂ ಇಲ್ಲ. ಊಟ ಮಾಡಿ ಕುರ್ಚಿಯಲ್ಲಿ ಕೂತರೆ ನಿದ್ದೆ ಎಳೆಯುತ್ತದೆ. ನನ್ನ ಮಧ್ಯಾಹ್ನದ ನಿದ್ದೆ ಸಾಮಾನ್ಯದ್ದಲ್ಲ, ಮನೆ ಹೊತ್ತುಕೊಂಡು ಹೋದರೂ ಗೊತ್ತಾಗುವುದಿಲ್ಲ.

"ಕಟ್ಕೊಂಡ್ಯಾ?" ಎಂದು ಅಕ್ಕ ಕೇಳಿದಳು. "ಹೂಂ" ಎಂದೆ. ಅವಳು ಮುಂದೆ ಏನೂ ಅನ್ನಲಿಲ್ಲ. ಆಶ್ಚರ್ಯ.

ಡಬ್ಬಿಯ ಕೆಲಸ ಮಾತ್ರ ಒಂದು ದಿನವೂ ತಪ್ಪಿಸಿಲ್ಲ.

ಏಪ್ರಿಲ್ 9, ಬುಧವಾರ

ಇವತ್ತು ಎಡಗೈಯಲ್ಲಿ ಒಂದು ಕೆಲಸ ಸಿಕ್ಕಿಕೊಂಡಿತು. ಬೇಕರಿಯವನ ಕೈಗಡಿಯಾರಕ್ಕೆ ಹೊಸ ಮುಳ್ಳು ಕೂರಿಸಬೇಕು. ಎಡಗೈಯಲ್ಲಿ ಮುಳ್ಳನ್ನು ಹಿಡಿದರೆ ಗಡಿಯಾರ ಜಾರುತ್ತದೆ, ಗಡಿಯಾರ ಹಿಡಿದರೆ ಮುಳ್ಳಿಗೆ ಕೈಯಿಲ್ಲ. ಬೈದುಕೊಳ್ಳುತ್ತಿದ್ದೆ. ಅಕ್ಕ ಸ್ಟೂಲು ಎಳೆದುಕೊಂಡು ಬಂದು, ಕೇಳದೆ ಹೇಳದೆ ಗಡಿಯಾರವನ್ನು ಹಿಡಿದಳು. ಬೆಂಚು ಮುಟ್ಟಬೇಡ ಅಂದಿದ್ದೆನಲ್ಲ ಎಂದೆ. "ಬೆಂಚು ಎಲ್ಲಿ ಮುಟ್ಟಿದೀನಿ? ಗಡಿಯಾರ ಮುಟ್ಟಿದೀನಿ" ಎಂದಳು.

ಅವಳ ಕೈ ಒಂದು ಚೂರೂ ಅಲುಗಲಿಲ್ಲ. ವಯಸ್ಸು ಅರವತ್ತು ದಾಟಿದೆ. ವರ್ಷಗಟ್ಟಲೆ ಸರಿಯಾದ ತೂತಿಗೆ ಸರಿಯಾದ ಪ್ಲಗ್ಗು ಹಾಕಿದ ಕೈಯಲ್ಲವೇ.

"ಸ್ವಲ್ಪ ಎಡಕ್ಕೆ."

"ನಿನ್ನೆಡಕ್ಕೋ ನನ್ನೆಡಕ್ಕೋ?"

"ಗಡಿಯಾರದ ಎಡಕ್ಕೆ."

"ಗಡಿಯಾರಕ್ಕೆ ಎಡ ಬಲ ಇರತ್ತೇನೋ? ಅದು ಸುತ್ತತ್ತೆ."

ಮುಳ್ಳು ಕೂತಿತು. ಬೇಕರಿಯವನು ಕೇಕು ಕೊಟ್ಟ. ದೊಡ್ಡ ತುಂಡನ್ನು ಅವಳೇ ತಿಂದಳು. ಕೆಲಸ ಅರ್ಧರ್ಧ ಅಂತ ನಾನು ವಾದಿಸಿದೆ. ಹೊತ್ತು ಹೋದದ್ದೇ ಗೊತ್ತಾಗಲಿಲ್ಲ.

ಏಪ್ರಿಲ್ 15, ಮಂಗಳವಾರ

ಡಾಕ್ಟರಮ್ಮನ ಹತ್ತಿರ ಹೋಗಿದ್ದೆವು. ಮೆಷಿನ್ನಿನ ಪೆಟ್ಟಿಗೆಯನ್ನು ಕಂಪ್ಯೂಟರಿಗೆ ಚುಚ್ಚಿದರು. ದಿನಾ ಎಷ್ಟು ಹೊತ್ತು ಕಟ್ಟಿಕೊಂಡಿದ್ದೆ ಎಂದು ಅದರೊಳಗೆ ತಾನೇ ಉಳಿಯುತ್ತದಂತೆ! ನನಗೆ ಬೆವರು ಕಿತ್ತುಕೊಂಡಿತು. ಅವರು ಪರದೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಪರದೆ ನೋಡಿದರು.

"ನನ್ನ ಪೇಷಂಟುಗಳಲ್ಲಿ ನಿಮ್ಮಷ್ಟು ಶ್ರದ್ಧೆ ಇರೋರು ಯಾರೂ ಇಲ್ಲ. ಒಂದು ದಿನಾನೂ ತಪ್ಪಿಸಿಲ್ಲ."

ನಾನು ತಲೆ ತಗ್ಗಿಸಿದೆ. ಅದನ್ನವರು ವಿನಯ ಅಂದುಕೊಂಡರು. ಅಕ್ಕ ಕಿಟಕಿಯ ಆಚೆ ನೋಡುತ್ತಿದ್ದಳು.

ಎಕ್ಸ್‌ರೇಯಲ್ಲಿ ಗೆರೆ ಇನ್ನೂ ಇದೆ. ಅಂಚುಗಳು ಸ್ವಲ್ಪ ಮಸುಕಾಗಿರಬಹುದು, ಇರಬಹುದು ಅಷ್ಟೆ. ಮೇ ಕೊನೆಗೆ ತೀರ್ಮಾನ. ಆಪರೇಷನ್ನಿಗೆ ಯಾವ ವಾರ ಅನುಕೂಲ ಎಂದು ಈಗಲೇ ಕೇಳಿಟ್ಟುಕೊಂಡರು. ವಾಪಸು ಬರುವಾಗ ಬಸ್ಸಿನಲ್ಲಿ ಮಣಿಕಟ್ಟನ್ನು ಬಗ್ಗಿಸಿ ಬಗ್ಗಿಸಿ ನೋಡಿಕೊಂಡೆ. ನೋವು.

ಪೆಟ್ಟಿಗೆ ತಪ್ಪು ಲೆಕ್ಕ ಹೇಳುತ್ತಿರುವುದೇಕೆ? ಯೋಚಿಸಿದೆ, ಹೊಳೆಯಿತು. ಒಳಗೊಂದು ಗಡಿಯಾರ ಇರಬೇಕು. ಪಕ್ಕದಲ್ಲೇ ಮ್ಯಾಗ್ನೆಟ್. ಅದಕ್ಕೆ ಹಿಡಿದು ಮುಂದೆ ಓಡುತ್ತಿದೆ. ನನ್ನನ್ನು ಕೇಳಿದ್ದರೆ ಮಾಡುವ ಮೊದಲೇ ಹೇಳುತ್ತಿದ್ದೆ.

ಏಪ್ರಿಲ್ 17, ಗುರುವಾರ

ಗಡಿಯಾರ ಓಡುತ್ತಿಲ್ಲ. ಬೇಲಿಯೇ ಎದ್ದು ಹೊಲ ಮೇಯುತ್ತಿದೆ.

ಮಧ್ಯಾಹ್ನ ಊಟಕ್ಕೆಂದು ಬೇಗ ಮೇಲೆ ಬಂದೆ. ಅಕ್ಕ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದಾಳೆ. ಮಂಡಿಯ ಮೇಲೆ ನನ್ನ ಸುರುಳಿ! ಪಟ್ಟಿ ಸಾಲದೆ ಲಂಗದ ಲಾಡಿ ಸೇರಿಸಿ ಕಟ್ಟಿಕೊಂಡಿದ್ದಾಳೆ. ಹಸಿರು ದೀಪ ಉರಿಯುತ್ತಿದೆ.

"ಏನೇ ಇದು?"

"ಮಂಡಿ ನೋವು ಕಣೋ. ನೋವಿಗೂ ಒಳ್ಳೇದಂತೆ, ಬೇಕರಿಗೆ ಬಂದಿದ್ದ ಯಾರೋ ಅಂದ್ರು. ನೀನು ಕೆಳಗಿರುವಾಗ ಸುಮ್ನೆ ಬಿದ್ದಿರತ್ತಲ್ಲ."

"ಡಾಕ್ಟರು ಬರೆದುಕೊಟ್ಟಿದ್ದು ನನ್ನ ಕೈಗೆ! ನನ್ನ ಪಾಲಿಂದು ನಿನ್ನ ಮಂಡಿ ತಿಂತಿದ್ರೆ ಮೂಳೆ ಹೇಗೆ ಕೂಡತ್ತೆ?"

"ಇಷ್ಟು ಹೊತ್ತಿಗೆ ಮುಗಿದುಹೋಗೋಕೆ ಅದೇನು ಹಾಲಾ?"

ಆಗ ನಾನೊಂದು ಮಾತು ಅಂದೆ. ಕೈ ಮುರಿದಿದ್ದೂ ನೀನೇ, ಈಗ ಕೂಡದ ಹಾಗೆ ಮಾಡ್ತಿರೋದೂ ನೀನೇ, ಎಂದೆ. ಅವಳು ಲಾಡಿ ಬಿಚ್ಚಿ, ಸುರುಳಿಯನ್ನು ಒರೆಸಿ ಮೇಜಿನ ಮೇಲಿಟ್ಟು ಒಳಗೆ ಹೋದಳು. ಅಂದದ್ದರಲ್ಲಿ ಸುಳ್ಳೇನಿದೆ? ನಾನು ಅಂದದ್ದು ಸರಿಯಾಗಿಯೇ ಇದೆ.

ಏಪ್ರಿಲ್ 18, ಶುಕ್ರವಾರ

ಅಕ್ಕ ಮಾತಾಡಲಿಲ್ಲ. ಅಂಗಡಿಗೂ ಇಳಿಯಲಿಲ್ಲ.

ಏಪ್ರಿಲ್ 19, ಶನಿವಾರ

ಇವತ್ತೂ ಇಲ್ಲ. ಒಳ್ಳೆಯದೇ ಆಯಿತು, ಅಂಗಡಿಯಲ್ಲಿ ಶಾಂತಿ. ಗಡಿಯಾರಗಳ ಟಿಕ್ ಟಿಕ್ ಕೇಳಿಸುತ್ತಿದೆ.

ಏಪ್ರಿಲ್ 22, ಮಂಗಳವಾರ

ಟಿಕ್ ಟಿಕ್ ವಿಪರೀತ.

ಬೇಕರಿಯವನು ಬಂದು "ಅಕ್ಕಾವ್ರು ಎಲ್ಲಿ?" ಎಂದ. ಮೇಲಿದ್ದಾರೆ ಎಂದೆ. "ಲೈನ್ ಕಟ್ಟಾ?" ಎಂದು ಕೇಳಿದ. ಈ ಬೀದಿಯಲ್ಲಿ ಮಾನವಾಗಿ ಬದುಕುವ ಹಾಗಿಲ್ಲ.

ಊಟ ಬಡಿಸಿ ಹೋಗುತ್ತಾಳೆ. ಉಪ್ಪು ಸರಿಯಾಗಿರುತ್ತದೆ. ಉಪ್ಪು ಜಾಸ್ತಿ ಹಾಕಿದ್ದರೆ ಅದನ್ನೇ ಹಿಡಿದು ಮಾತು ತೆಗೆಯಬಹುದಿತ್ತು. ಅವಳಿಗದು ಗೊತ್ತಿದೆ, ಅದಕ್ಕೇ ಸರಿಯಾಗಿ ಹಾಕುತ್ತಾಳೆ.

ಏಪ್ರಿಲ್ 24, ಗುರುವಾರ

ಊಟವಾದ ಮೇಲೆ ಕುರ್ಚಿಯಲ್ಲಿ ಒರಗಿದೆ. ಮೆಷಿನ್ ಕಟ್ಟಿಕೊಳ್ಳಲಿಲ್ಲ, ಅದನ್ನು ಮುಟ್ಟಿದರೆ ಅವಳ ಮುಖ ನೆನಪಾಗುತ್ತದೆ. ಇಷ್ಟು ವರ್ಷದಲ್ಲಿ ಮೊದಲ ಸಲ ನಿದ್ದೆ ಬರಲಿಲ್ಲ. ಸುಮ್ಮನೆ ಕಣ್ಣು ಮುಚ್ಚಿದ್ದೆ.

ಕಾಲ ಸಪ್ಪಳ ಕೇಳಿಸಿತು. ಕಣ್ಣು ತೆರೆದರೆ ಎದುರಾಬದುರಾಗಬೇಕಲ್ಲ ಎಂದು ಹಾಗೇ ಇದ್ದೆ. ಅವಳು ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಮಂಡಿ ಲಟಕ್ಕೆಂದಿತು. ನನ್ನ ಬಲಗೈಯನ್ನು ಮೆಲ್ಲಗೆ ಎತ್ತಿ, ಕೆಳಗೆ ದಿಂಬು ಕೊಟ್ಟು, ಸುರುಳಿ ಹಾಕಿ ಪಟ್ಟಿ ಬಿಗಿದಳು. ಹೆಚ್ಚು ಬಿಗಿಯಾಯಿತೋ ಎಂದು ಬೆರಳು ತೂರಿಸಿ ನೋಡಿದಳು. ಎಷ್ಟು ಚೆನ್ನಾಗಿ ರೂಢಿಯಾಗಿದೆ ಎಂದರೆ ಇದು ಇವತ್ತಿನ ಕೆಲಸವಲ್ಲ ಎಂದು ಆಗಲೇ ತಿಳಿಯಿತು. ಏನು ಮಾಡಬೇಕೆಂದು ತೋಚದೆ ಗೊರಕೆ ಹೊಡೆದೆ.

"ಸುಳ್ಳು ಗೊರಕೆ" ಎಂದಳು ಅಕ್ಕ. "ನಿಂದು ನಿಜವಾದದ್ದು ಇಷ್ಟು ಮರ್ಯಾದೆಯಾಗಿರಲ್ಲ."

ಕಣ್ಣು ಬಿಟ್ಟೆ. "ಎಷ್ಟು ದಿನದಿಂದ ಈ ಕೆಲಸ?"

"ನೀನು ತಪ್ಪಿಸೋಕೆ ಶುರುಮಾಡಿದ ದಿನದಿಂದ. ನೀನು ಕಟ್ಕೊಳಲ್ಲ ಅಂತ ನಂಗೆ ಗೊತ್ತಿರಲಿಲ್ವಾ? ಚಿಕ್ಕವನಿದ್ದಾಗ ಮಾತ್ರೆ ಕೊಟ್ರೆ ಕೆನ್ನೆಯೊಳಗಿಟ್ಕೊಂಡು ಆಮೇಲೆ ಉಗೀತಿದ್ಯಲ್ಲ. ನೀನು ನಿದ್ದೆಹೋದ ಮೇಲೆ ಬೇಕರಿಯವರನ್ನ ಅಂಗಡಿ ಕಡೆ ನೋಡ್ಕೊಳ್ಳಿ ಅಂತ ಹೇಳಿ ಬಂದು ಕಟ್ಟೋದು, ಗೊರಕೆ ತೆಳ್ಳಗಾದಾಗ ಬಿಚ್ಚೋದು. ಮಂಡಿಗೆ ಕಟ್ಕೊಂಡಿದ್ದು ಎರಡೋ ಮೂರೋ ಸಲ ಅಷ್ಟೆ ಕಣೋ."

"ಹೇಳಬಾರದಾಗಿತ್ತಾ?"

"ಹೇಳಿದ್ರೆ ನೀನು ಬಿಚ್ಚಿ ಹಾಕ್ತಿದ್ದೆ." ಸ್ವಲ್ಪ ಹೊತ್ತು ಪಟ್ಟಿಯನ್ನೇ ಸವರುತ್ತಾ ಕೂತಳು. "ಕೂಗಬಾರದಾಗಿತ್ತು ನಾನು. ಕಾಫಿ ಆರಿದ್ರೆ ಇನ್ನೊಂದ್ಸಲ ಕಾಯಿಸಬಹುದಿತ್ತು."

ಹಾಳಾದ್ದು ಆ ಸ್ಟೂಲೇ ಸರಿಯಿರಲಿಲ್ಲ ಎಂದೆ. ಅದರ ಒಂದು ಕಾಲು ಗಿಡ್ಡ, ಯಾರು ಹತ್ತಿದ್ದರೂ ಬೀಳುತ್ತಿದ್ದರು, ಗಡಿಯಾರ ಬೇರೆ ಎತ್ತರಕ್ಕೆ ಹಾಕಿಸಿದ್ದು ಭಾವ. ಇನ್ನೂ ಏನೇನೋ ಅಂದೆ. ಕೊನೆಗೆ, ನಾಳೆ ಅಂಗಡಿಗೆ ಬಾ, ಗಿರಾಕಿಗಳು ಪ್ರಾಣ ತಿಂತಿದಾರೆ ಎಂದೆ.

ಏಪ್ರಿಲ್ 25, ಶುಕ್ರವಾರ

ಬೆಳಿಗ್ಗೆ ಅಕ್ಕ ಅಂಗಡಿಗೆ ಬಂದಳು. ಲೈನು ಸರಿಹೋಯಿತು. ಸಂಜೆ ಎಂದಿನಂತೆ ಡಬ್ಬಿಯ ಮೇಲೆ ಕೈಯಿಟ್ಟೆ, ಗುಂಡಿ ಒತ್ತಲು ಹೋದೆ. ಬೆರಳು ಅಲ್ಲೇ ನಿಂತಿತು.

ಅಯ್ಯೋ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಅವಳು ಮಂಡಿ ನೋವಿಟ್ಟುಕೊಂಡು ನೆಲದಲ್ಲಿ ಕೂತು ಮಧ್ಯಾಹ್ನವೆಲ್ಲ ಏರಿಸುತ್ತಾಳೆ, ನಾನು ಸಂಜೆ ಬಂದು ಒಂದೇ ಗುಂಡಿಗೆ ಅಷ್ಟನ್ನೂ ಇಳಿಸುತ್ತೇನೆ. ದಿನಾ ಏರಿಸು, ದಿನಾ ಇಳಿಸು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಮೂಳೆ ಕೂಡದೇ ಇರುವುದಕ್ಕೆ ಅವಳ ಮಂಡಿಯಲ್ಲ ಕಾರಣ, ನಾನು. ಅವಳ ಮುಖಕ್ಕೆ ಹೊಡೆದ ಹಾಗೆ ಅಂದೆನಲ್ಲ, ಕೂಡದ ಹಾಗೆ ಮಾಡುತ್ತಿರುವುದು ನೀನೇ ಎಂದು!

ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಬೇಕರಿಯವನಿಗೆ ಇಟ್ಟುಕೊಳ್ಳಲು ಕೊಟ್ಟೆ. "ಏನಿದು, ಬ್ರೆಡ್ ಬಿಸಿ ಮಾಡೋದಾ?" ಎಂದ. ಯಾರಿಗೂ ತೋರಿಸಬೇಡ ಎಂದೆ. ಅವನು ಅದನ್ನು ಕದ್ದ ಮಾಲು ಅಂದುಕೊಂಡ ಹಾಗೆ ಕಾಣುತ್ತದೆ.

ಮೇ 6, ಮಂಗಳವಾರ

ಈಗ ಮೆಷಿನ್ ಬಿಚ್ಚುವುದೇ ಇಲ್ಲ. ಚಾರ್ಜಿಗೆ ಹಾಕುವಾಗ ಬಿಟ್ಟರೆ ಸದಾ ಕೈಯಲ್ಲೇ. ಅಂಗಡಿಗೆ ನಾನು ಇಳಿಯುತ್ತಿಲ್ಲ. ಬಂದ ಗಡಿಯಾರವನ್ನು ಅಕ್ಕ ಬಿಚ್ಚಿ, ಒಳಗೆ ಏನು ಕಾಣುತ್ತದೆಂದು ಮೆಟ್ಟಿಲ ಬುಡದಿಂದ ಕೂಗುತ್ತಾಳೆ. ನಾನು ಮೇಲಿಂದ ಕೂಗಿ ಹೇಳುತ್ತೇನೆ. ಸೆಲ್ಲು, ಬೆಲ್ಟು, ಗಾಜು ಎಲ್ಲ ಅವಳೇ. ಇವತ್ತು ಒಂದರ ಕೀ ಕೊಡುವ ಗುಂಡಿಯ ಕೀಲು ಸಡಿಲವಾಗಿದೆ ಎಂದು ನಾನು ಹೇಳುವ ಮೊದಲೇ ಅವಳು ಹೇಳಿದಳು. ಲೆನ್ಸ್ ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದು ನನ್ನ ಮುಖ ನೋಡಿ, "ಮೂಗಿನ ಮೇಲೆ ಇಷ್ಟು ತೂತಿದಾವಾ!" ಎಂದಳು.

ನನ್ನ ಶ್ರದ್ಧೆ ನೋಡಿ ಅವಳಿಗೆ ಅನುಮಾನ. "ಏನೋ ತಪ್ಪು ಮಾಡಿದೀಯ ನೀನು. ಇಷ್ಟು ಒಳ್ಳೆಯವನಾಗೋ ಪೈಕಿ ಅಲ್ಲ" ಎಂದಳು. ಹೇಳಲು ಬಾಯಿ ತೆರೆದೆ. ತೆರೆದ ಬಾಯಿಗೆ ಅನ್ನ ಹಾಕಿಕೊಂಡೆ.

ಮೇ 14, ಬುಧವಾರ

ಮಣಿಕಟ್ಟು ಬಗ್ಗಿಸಿದರೆ ನೋವು ಕಡಿಮೆ ಅನ್ನಿಸಿತು. ನಂಬಲು ಭಯ. ಮಧ್ಯಾಹ್ನ ಸ್ವಲ್ಪ ನೋವಿತ್ತು ಅನ್ನಿಸಿತು. ಅದನ್ನು ನಂಬಲು ಭಯವೇನಿಲ್ಲ, ತಕ್ಷಣ ನಂಬಿದೆ.

ಮೇ 27, ಮಂಗಳವಾರ

ಹೋಗಿ ಬಂದೆವು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಡಾಕ್ಟರಮ್ಮ ಹೊಸ ಎಕ್ಸ್‌ರೇ ಕೈಗೆತ್ತಿಕೊಂಡರು. ದೀಪಕ್ಕೆ ಹಿಡಿಯುವ ಮೊದಲೇ ನನಗೆ ತಡೆಯಲಾಗಲಿಲ್ಲ. "ಒಂದು ನಿಮಿಷ, ಕೂಡಿಲ್ಲ ಅಂದ್ರೆ ಅದು ಮೆಷಿನ್ ತಪ್ಪಲ್ಲ, ನಮ್ಮಕ್ಕನ ತಪ್ಪೂ ಅಲ್ಲ" ಎಂದು ಶುರುಮಾಡಿ ಡಬ್ಬಿಯ ಕಥೆ ಪೂರ್ತಿ ಹೇಳಿದೆ. ಜೇಬಿನಲ್ಲಿದ್ದ ಚಿಮುಟ, ಕೈಗೆ ಹಿಡಿದ ಮ್ಯಾಗ್ನೆಟ್, ದಿನಾ ಸಂಜೆ ಇಳಿಸಿದ್ದು, ಎಲ್ಲ.

ಡಾಕ್ಟರಮ್ಮ ಎಕ್ಸ್‌ರೇಯನ್ನು ಮೇಜಿನ ಮೇಲಿಟ್ಟರು. ಗಂಭೀರವಾಗಿರಲು ಬಹಳ ಪ್ರಯತ್ನ ಪಟ್ಟರು. ಆಗಲಿಲ್ಲ. ಕುರ್ಚಿ ತಿರುಗಿಸಿಕೊಂಡು ಗೋಡೆ ಕಡೆ ಮುಖ ಮಾಡಿ ನಕ್ಕರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ನಿಮ್ಮ ಮೂಳೆ ಉಕ್ಕಿಂದಲ್ಲ ಸಾರ್. ಮ್ಯಾಗ್ನೆಟ್ ಅಲ್ಲಿ ನಿಲ್ಲೋದೇ ಇಲ್ಲ. ಇಳಿಸೋಕೆ ಏನಿದೆ? ಮ್ಯಾಗ್ನೆಟ್ ಹಿಡಿದಿದ್ದು ನಿಮ್ಮ ಚಿಮುಟಕ್ಕೆ. ಜೇಬಲ್ಲಿಟ್ಕೊಂಡು ಪಕ್ಕದಲ್ಲೇ ಮೆಷಿನ್ ಹಾಕ್ಕೊಂಡಿದ್ರಲ್ಲ."

ಅಕ್ಕ ನಗಲಿಲ್ಲ. "ದಿನಾನೂ ಇಳಿಸ್ತಿದ್ಯಾ?" ಎಂದು ಕೇಳಿದಳು.

"ದಿನಾನೂ."

"ಅದನ್ನ ಮಾತ್ರ ಒಂದಿನಾನೂ ತಪ್ಪಿಸಲಿಲ್ಲ."

"ಇಲ್ಲ."

ಡಾಕ್ಟರಮ್ಮ ಎಕ್ಸ್‌ರೇ ಎತ್ತಿ ದೀಪಕ್ಕೆ ಹಿಡಿದರು. ನಾನು ಕಣ್ಣು ಮುಚ್ಚಿಕೊಂಡೆ. ಅಕ್ಕನೂ ಮುಚ್ಚಿಕೊಂಡಿದ್ದಳಂತೆ, ಆಮೇಲೆ ಹೇಳಿದಳು. "ಏನ್ರೀ, ಇಬ್ರೂ ಹೀಗೆ ಕೂತ್ರೆ ನಾನು ಯಾರಿಗೆ ತೋರಿಸಲಿ?" ಎಂದು ಡಾಕ್ಟರಮ್ಮ ಗದರಿದರು. ನೋಡಿದೆ. ಗೆರೆ ಇಲ್ಲ. ಒಂದು ಕಡೆ ನೆರಳಿನ ಹಾಗೆ ಚೂರು ಉಳಿದಿದೆ, ಉಳಿದದ್ದೆಲ್ಲ ಒಂದೇ ಮೂಳೆ.

"ಕೂಡಿದೆ. ಆಪರೇಷನ್ ಬೇಡ. ಕೈ ಸ್ವಲ್ಪ ಸ್ವಲ್ಪವಾಗಿ ಪಳಗಿಸಿ, ಎಲ್ಲ ಕೆಲಸಾನೂ ಮಾಡಬಹುದು" ಎಂದರು. ಮೆಷಿನ್ನಿಂದಲೋ ಎಂದು ಕೇಳಿದೆ. ಅದರಿಂದಲೂ ಇರಬಹುದು, ಕಾಲ ಕಳೆದದ್ದಕ್ಕೂ ಇರಬಹುದು, ಒಬ್ಬರ ಕೈ ನೋಡಿ ಹೇಳಲಾಗದು ಎಂದರು. ಅಕ್ಕ ತನ್ನ ಮಂಡಿಯ ವಿಷಯ ತೆಗೆದಳು, ನೋವು ಎಷ್ಟೋ ವಾಸಿ ಎಂದಳು. ಡಾಕ್ಟರಮ್ಮನ ಹುಬ್ಬು ಮೇಲೇರಿತು. "ನಿಮ್ಮ ಮಂಡಿಗೆ ಅದನ್ನ ನಾನು ಬರೆದುಕೊಟ್ಟಿಲ್ಲ. ದಿನಾ ಎಷ್ಟು ಸಲ ಮೆಟ್ಟಿಲು ಹತ್ತಿ ಇಳೀತೀರಿ?" ಅಕ್ಕ ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟಳು. "ಕಾಲಿಗೆ ಬಲ ಬಂದಿದೆ. ಅಷ್ಟೇ ಇರಬೇಕು" ಎಂದರು.

ಬಸ್ಸಿನಲ್ಲಿ ಕೂತ ಮೇಲೆ ಅಕ್ಕನಿಗೆ ನಗು ಬಂತು. ಇದ್ದಕ್ಕಿದ್ದ ಹಾಗೆ, ಇಡೀ ಬಸ್ಸು ತಿರುಗಿ ನೋಡುವಂಥ ನಗು. "ಇಳಿಸ್ತಿದ್ನಂತೆ! ಕೈಯನ್ನ ಇಳಿಸ್ತಿದ್ನಂತೆ!" ಎಂದು ಗುರುತಿಲ್ಲದವರಿಗೆಲ್ಲ ಹೇಳಿದಳು. ನಗುತ್ತ ನಗುತ್ತ ಅತ್ತುಬಿಟ್ಟಳು. ನಾನು ಕಿಟಕಿಯ ಆಚೆ ನೋಡುತ್ತಿದ್ದೆ. ನನಗೂ ಸರಿಯಾಗಿ ಏನೂ ಕಾಣುತ್ತಿರಲಿಲ್ಲ.

ಮೇ 30, ಶುಕ್ರವಾರ

ಬೆಳಿಗ್ಗೆ ಬಲಗೈಯಲ್ಲಿ ಚಿಮುಟ ಹಿಡಿದೆ. ಹೊತ್ತು ಹಿಡಿಯಿತು, ಆದರೆ ಸ್ಕ್ರೂ ಅದರ ಜಾಗದಲ್ಲಿ ಕೂತಿತು. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಇದ್ದಿದ್ದರೆ ತಬ್ಬಿಕೊಳ್ಳುತ್ತಿದ್ದೆನೇನೋ, ಬೇಕರಿಯವನನ್ನಾದರೂ ಸರಿ.

ಮೇಲೆ ಹೋಗಿ ನೋಡಿದರೆ ಅಕ್ಕ ಚೀಲ ತುಂಬುತ್ತಿದ್ದಾಳೆ. ಮನೆ ಧೂಳು ಹಿಡಿದಿರತ್ತೆ, ಕೈ ಸರಿಹೋಯ್ತಲ್ಲ, ಇನ್ನೇನು ಕೆಲಸ ನಂಗೆ ಎಂದಳು. ಸರಿ ಎಂದೆ. ನ್ಯಾಯವಾದ ಮಾತೇ. ಬಂದದ್ದೇ ಎರಡು ವಾರಕ್ಕೆ.

ಚೀಲದ ಜಿಪ್ಪು ಎಳೆದು, ನನ್ನ ಮುಂದೆ ಬಂದು ನಿಂತಳು. "ಎಲ್ಲಿ, ಕೈ ಕೊಡು ನೋಡೋಣ. ಬಲಗೈ. ಹಿಂಡು ನನ್ನ ಕೈನ. ಎಷ್ಟು ಬಲ ಬಂದಿದೆ ನೋಡ್ಕೊಂಡೇ ಹೋಗ್ತೀನಿ."

ಹಿಂಡಿದೆ.

"ಇಷ್ಟೇನಾ?"

"ಇಷ್ಟೇ."

"ಗುಬ್ಬಚ್ಚಿ ಹಿಡಿದ ಹಾಗಿದೆ ಕಣೋ."

"ಇಷ್ಟೇ ಹಿಂಡಿರೋದು."

ಅವಳು ನನ್ನ ಮುಖವನ್ನೇ ನೋಡಿದಳು. ಲೆನ್ಸ್ ಇಲ್ಲದೆಯೂ ಅವಳಿಗೆ ಈಗ ಎಲ್ಲ ಕಾಣುತ್ತದೆ. ನಾನು ಜಗ್ಗಲಿಲ್ಲ. ಕೊನೆಗೆ ನಿಟ್ಟುಸಿರು ಬಿಟ್ಟು, "ಇಷ್ಟು ಕೈಯಲ್ಲಿ ನಿನ್ನೊಬ್ಬನ್ನೇ ಹೇಗೆ ಬಿಟ್ಟುಹೋಗಲಿ" ಎಂದು ಚೀಲದ ಜಿಪ್ಪು ಮತ್ತೆ ಬಿಚ್ಚಿ ಸೀರೆಗಳನ್ನು ಒಂದೊಂದಾಗಿ ಕಪಾಟಿಗೆ ಜೋಡಿಸಿದಳು.

ನಾನು ಸುಳ್ಳು ಹೇಳಲಿಲ್ಲ. ಇಷ್ಟೇನಾ ಎಂದು ಕೇಳಿದಳು, ಇಷ್ಟೇ ಎಂದೆ. ಎಷ್ಟು ಹಿಂಡಬಲ್ಲೆ ಎಂದು ಅವಳು ಕೇಳಲೇ ಇಲ್ಲ.